ಬೋಟಿಗೆ ಹೊಲಿದ ಜೇಬುಗಳು

ಫೆಬ್ರವರಿ ೧೧, ಬುಧವಾರ

ಗಿರಾಕಿಗಳ ಅಳತೆ ಬರೆಯುವ ಪುಸ್ತಕವನ್ನು ತಿರುವಿ ಹಿಂದಿನಿಂದ ಬರೆಯುತ್ತಿದ್ದೇನೆ. ಮುಂದಿನಿಂದ ಊರಿನವರ ಎದೆ, ಸೊಂಟ, ತೋಳು. ಹಿಂದಿನಿಂದ ನನ್ನ ಹೊಟ್ಟೆಯುರಿ. ಯಾರ ಹತ್ತಿರವಾದರೂ ಹೇಳಿಕೊಳ್ಳೋಣವೆಂದರೆ ಅರ್ಧ ಕೇಳುವಷ್ಟರಲ್ಲಿ "ಎಲ್ಲಾ ಸರಿಹೋಗತ್ತೆ ಬಿಡಿ" ಎಂದು ಬಾಯಿ ಮುಚ್ಚಿಸುತ್ತಾರೆ. ಪುಸ್ತಕ ಹಾಗನ್ನುವುದಿಲ್ಲ.

ಇವರಿಗೆ ಲಕ್ವ ಹೊಡೆದು, ಆಸ್ಪತ್ರೆ ಮುಗಿಸಿ ಮನೆಗೆ ಬಂದು ತಿಂಗಳಾಯಿತು. ಕಾಲು ಪರವಾಗಿಲ್ಲ, ಕೋಲು ಹಿಡಿದರೆ ನಡೆಯಬಹುದು ಎನ್ನುತ್ತಾರೆ ಡಾಕ್ಟರು. ನಾಲಿಗೆಗೆ ಏನೂ ಆಗಿಲ್ಲವಂತೆ. ಹೋಗಿರುವುದು ಬಲಗೈ ಒಂದೇ. ಆದರೆ ಇವರು ನಡೆಯುವುದೂ ಇಲ್ಲ, ಮಾತಾಡುವುದೂ ಇಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾರೆ. ವ್ಯಾಯಾಮ ಮಾಡಿಸಲು ಬರುವಾಕೆ ರಬ್ಬರ್ ಚೆಂಡು ಕೈಗಿಟ್ಟು "ಹಿಸುಕಿ ಯಜಮಾನ್ರೇ" ಎಂದರೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ಇಷ್ಟು ವರ್ಷ ಈ ದಡದಿಂದ ಆ ದಡಕ್ಕೆ ಇವರು ದಾಟಿಸಿದ ಜನಕ್ಕೆ ಲೆಕ್ಕವಿಲ್ಲ. ನೋಡಲು ಬಂದವರು ನಾಲ್ಕು ಮಂದಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ಸುಮ್ಮನೆ ಹೇಳುತ್ತಾರೆಯೇ.

ಇವತ್ತು ಮೈದುನ ಸೈಕಲ್ ಅಂಗಡಿ ಮುಚ್ಚಿ ಬಂದ. ಅಣ್ಣನ ಕಾಲ ಬಳಿ ಸ್ವಲ್ಪ ಹೊತ್ತು ಕೂತು, ಆಮೇಲೆ ನನ್ನನ್ನು ಬಾಗಿಲಿಗೆ ಕರೆದ.

"ಅತ್ತಿಗೆ, ಮಾರ್ಚ್ ಇಪ್ಪತ್ನಾಲ್ಕಕ್ಕೆ ಬೋಟುಗಳ ತಪಾಸಣೆ. ಸಾಹೇಬರ ಮುಂದೆ ಓಡಿಸಿ ತೋರಿಸ್ಬೇಕು. ತೋರಿಸದೇ ಇದ್ರೆ ಬೋಟು ಕಟ್ಟೋ ಜೆಟ್ಟಿಯಲ್ಲಿ ನಮ್ಮ ಜಾಗ ಬೇರೆಯವರಿಗೆ. ಅಣ್ಣನ ಕೈಲಿ ಇನ್ನು ಆಗಲ್ಲ. ಅಷ್ಟರೊಳಗೆ ಮಾರಿಬಿಡೋಣ."

ಅವನು ಕೆಟ್ಟವನಲ್ಲ. ಹೇಳುವಾಗ ಅವನ ಕಣ್ಣೂ ಒದ್ದೆಯಾಗಿತ್ತು. ಒಳಗೆ ಬಂದು ನೋಡಿದರೆ ಇವರು ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡಿದ್ದರು. ಕೇಳಿಸಿಕೊಂಡಿದ್ದಾರೆ.

ನನಗೇನೂ ಆ ಬೋಟಿನ ಮೇಲೆ ಮಮತೆಯಿಲ್ಲ. ಅದು ನನ್ನ ಸವತಿ. ಮದುವೆಯಾದ ಹೊಸದರಲ್ಲಿ ಒಂದೇ ಸಲ ಹತ್ತಿದ್ದೆ, ಹೋಗುವಾಗಲೂ ಬರುವಾಗಲೂ ವಾಂತಿ. ಅವತ್ತಿನಿಂದ ನೀರಿನ ಸಹವಾಸ ಬೇಡ ಎಂದು ಹೊಲಿಗೆ ಯಂತ್ರದ ಮುಂದೆ ಕೂತವಳು. ಬೋಟು ಹೋದರೆ ಹೋಗಲಿ. ಆದರೆ ಅದು ಹೋದರೆ ಇವರು ಗೋಡೆ ಬಿಟ್ಟು ಈ ಕಡೆ ತಿರುಗುವುದಿಲ್ಲ, ಅದು ನನಗೆ ಗೊತ್ತು.

ಫೆಬ್ರವರಿ ೧೩, ಶುಕ್ರವಾರ

ಕೊಳ್ಳುವವರು ಬಂದರೆ ಏನೇನಿದೆ ಎಂದು ಹೇಳಬೇಕಲ್ಲ ಎಂದು ಜೆಟ್ಟಿಗೆ ಹೋಗಿ ಟಾರ್ಪಾಲು ಸರಿಸಿ ನೋಡಿದೆ. ಬೋಟು ಕಂಬಕ್ಕೆ ಕಟ್ಟಿತ್ತಾದ್ದರಿಂದ ಧೈರ್ಯ ಮಾಡಿ ಒಂದು ಕಾಲಿಟ್ಟೆ. ಹಿಂದಿನ ಸೀಟಿನ ಕೆಳಗೊಂದು ಪೆಟ್ಟಿಗೆ. ಮುಚ್ಚಳ ತೆಗೆದರೆ, ದೇವರೇ! ಹಗ್ಗದ ಸಿಕ್ಕಿನೊಳಗೆ ಸ್ಪಾನರು, ಸ್ಪಾನರಿನ ಕೆಳಗೆ ಒದ್ದೆ ಬಟ್ಟೆ, ಬಟ್ಟೆಯೊಳಗೆ ಟಾರ್ಚು, ಎಂಜಿನ್ನಿನ ಪ್ಲಗ್ಗು, ಸೀಟಿ, ಚಾಕು, ಬ್ಯಾಂಡೇಜು, ತುಕ್ಕು ಹಿಡಿದ ಮೊಳೆ, ಒಂಟಿ ಚಪ್ಪಲಿ. ಮನೆಯಲ್ಲಿ ಟವೆಲ್ಲು ಒಂದು ಮೊಳೆ ಆಚೆ ನೇತಾಡಿದರೆ ರಂಪ ಮಾಡುತ್ತಿದ್ದ ಮನುಷ್ಯ ಇವರೇನಾ? ಬಲಗೈಯನ್ನು ಭುಜದವರೆಗೆ ಇಳಿಸಿ, ತಡಕಾಡಿ, ಬೇಕಾದ್ದನ್ನು ಎಳೆಯುತ್ತಿದ್ದರಂತೆ. ಪಕ್ಕದ ಬೋಟಿನವನು ಅದನ್ನೇ ದೊಡ್ಡ ವಿದ್ಯೆಯೆಂಬಂತೆ ಹೇಳಿದ.

ದರ್ಜಿಯ ಕಣ್ಣಿಗೆ ಇಂಥದ್ದು ಸಹಿಸುವುದಿಲ್ಲ. ಎಲ್ಲವನ್ನೂ ಗೋಣಿಗೆ ತುಂಬಿ ಮನೆಗೆ ತಂದು, ಹೊಲಿಗೆ ಕೋಣೆಯ ನೆಲದ ಮೇಲೆ ಸುರಿದೆ. ಮಾರುವುದಾದರೂ ಚೊಕ್ಕವಾಗಿ ಮಾರಬೇಕು.

ಸುರಿದ ಸದ್ದಿಗೆ ಇವರು ಹೊರಳಿ ನೋಡಿದರು. ಬಾಗಿಲಿನಿಂದ ಕಾಣಿಸುತ್ತದೆ. ಊಟ ಹಾಕುವವರೆಗೂ ಈ ಕಡೆಯೇ ಮುಖ ಇತ್ತು.

ಫೆಬ್ರವರಿ ೧೮, ಬುಧವಾರ

ಯೋಚನೆ ಮಾಡಿದೆ. ಪೆಟ್ಟಿಗೆಯಾದರೆ ಬಗ್ಗಬೇಕು, ತಡಕಬೇಕು. ಒಂದು ಕೈಯಲ್ಲಿ ಆಗದ ಮಾತು. ಅದರ ಬದಲು ದಪ್ಪ ಕ್ಯಾನ್ವಾಸಿನ ಪರದೆ, ಅದರ ತುಂಬ ಜೇಬು, ಒಂದೊಂದು ಸಾಮಾನಿಗೆ ಒಂದೊಂದು ಜೇಬು. ಬೋಟಿನ ಒಳಮೈಗೆ ತೂಗು ಹಾಕಿದರೆ ಕಣ್ಣೆದುರಿಗೇ ಇರುತ್ತದೆ. ತೂತು ಕೊರೆದರೆ ಬೋಟಿಗೆ ಕೇಡು. ಮೇಲಂಚಿನಲ್ಲಿ ಹಿತ್ತಾಳೆಯ ಬಳೆ ಕೂರಿಸಿ ಹಗ್ಗದಿಂದ ಕಟ್ಟಿದರಾಯಿತು. ಬಟ್ಟೆಗೆ ಅಂಗಡಿಗೆ ಹೋಗಲಿಲ್ಲ, ಬೋಟಿನ ಹಳೆಯ ನೆರಳುಬಟ್ಟೆ ಅಟ್ಟದ ಮೇಲಿತ್ತು.

ಸಾಮಾನುಗಳ ಅಳತೆ ತೆಗೆದೆ. ಟೇಪು ಹಿಡಿದು ಕೂತರೆ ಗಿರಾಕಿಗಳ ಹಾಗೆಯೇ ಕಂಡವು. ಟಾರ್ಚಿಗೆ ಎದೆ ಅಗಲ, ಸೊಂಟ ಸಣ್ಣ. ಸ್ಪಾನರಿಗೆ ತಲೆಯೇ ಭಾರ, ಕಾಲೇ ಇಲ್ಲ. ನೀರು ಎತ್ತಿಹಾಕುವ ಡಬ್ಬಿ ಮಾತ್ರ ನಮ್ಮ ನಾದಿನಿ, ಯಾವ ಅಳತೆಗೂ ಬಗ್ಗುವುದಿಲ್ಲ.

"ರೀ, ಸೀಟಿ ಮೇಲಿರ್ಬೇಕಾ, ಕೆಳಗಾ?" ಎಂದು ಕೂಗಿ ಕೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ಗೊಣಗಿ ಮೇಲೆಯೇ ಇಟ್ಟೆ.

ಶಾಲೆಯ ಸಮವಸ್ತ್ರದ ಕೆಲಸ ಹಾಗೇ ಬಿದ್ದಿದೆ. ನಾಳೆ ಮುಟ್ಟುತ್ತೇನೆ.

ಫೆಬ್ರವರಿ ೨೨, ಭಾನುವಾರ

ಮುಗಿಯಿತು. ಇಷ್ಟು ಅಂದವಾಗಿ ನಾನು ಯಾರ ಮದುವೆಯ ಬಟ್ಟೆಯನ್ನೂ ಹೊಲಿದಿಲ್ಲ. ಪ್ರತಿ ಜೇಬಿಗೂ ಮುಚ್ಚಳ, ಪ್ರತಿ ಮುಚ್ಚಳಕ್ಕೂ ಕಾಜಾ, ಗುಂಡಿ. ಮಂಚದ ಪಕ್ಕದ ಕುರ್ಚಿಗೆ ತೂಗು ಹಾಕಿ, ಸಾಮಾನು ತುಂಬಿ, "ನೋಡಿ" ಎಂದೆ.

ನೋಡಿದರು. ಎದ್ದು ಕೂತರು. ಎಡಗೈ ಚಾಚಿ ಸೀಟಿಯ ಜೇಬಿನ ಗುಂಡಿಯನ್ನು ಮುಟ್ಟಿದರು. ಬೆರಳು ಜಾರಿತು. ಇನ್ನೊಮ್ಮೆ, ಮತ್ತೊಮ್ಮೆ. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಕೊನೆಗೆ, ಮನೆಗೆ ಬಂದ ಮೇಲಿನ ಮೊದಲ ಪೂರಾ ಮಾತು ಇವರ ಬಾಯಿಂದ ಬಂತು.

"ಇದೇನೇ, ಬೋಟಿಗೆ ಅಂಗಿ ಹೊಲಿದಿದ್ದೀಯ?"

ಎಂದವರೇ ಕುರ್ಚಿಯನ್ನು ಸಾಮಾನು ಸಮೇತ ನೂಕಿದರು. ಸ್ಪಾನರು ನನ್ನ ಕಾಲ ಹೆಬ್ಬೆರಳಿನ ಮೇಲೆ ಬಿತ್ತು.

ಅಡುಗೆಮನೆಗೆ ಹೋಗಿ ಅತ್ತೆ. ಬೆರಳಿನ ನೋವಿಗಲ್ಲ. ಇಷ್ಟು ದಿನ ಆಸ್ಪತ್ರೆ, ಮದ್ದು, ಬೆನ್ನು ತಿಕ್ಕುವುದು, ಯಾವುದಕ್ಕೂ ಅಳದವಳು ಒಂದು ಗುಂಡಿಗೆ ಅತ್ತೆ.

ಫೆಬ್ರವರಿ ೨೩, ಸೋಮವಾರ

ಇವರು ಹೇಳಿದ್ದು ಸರಿ. ಬೋಟಿನಲ್ಲಿ ಕೈ ಒದ್ದೆಯೇ ಇರುತ್ತದಲ್ಲ ಎಂದು ಎಡಗೈ ಬಕೆಟ್ಟಿನಲ್ಲಿ ಅದ್ದಿ, ಬಲಗೈ ಬೆನ್ನ ಹಿಂದೆ ಕಟ್ಟಿಕೊಂಡು, ನಾನೇ ಗುಂಡಿ ಬಿಚ್ಚಲು ನೋಡಿದೆ. ನಾನು ಹುಟ್ಟಾ ಎಡಚಿ, ನನಗೇ ಆಗಲಿಲ್ಲ. ಎಲ್ಲಾ ಗುಂಡಿ ಕಿತ್ತೆ.

ಮಾರ್ಚ್ ೧, ಭಾನುವಾರ

ಮೈದುನ ಹಳೆಯ ಸೈಕಲ್ ಟ್ಯೂಬು ತಂದುಕೊಟ್ಟ. "ಮಾರೋ ಬೋಟಿಗೆ ಇಷ್ಟೆಲ್ಲಾ ಯಾಕೆ ಅತ್ತಿಗೆ?" ಎಂದ. "ಕೆಲಸ ಹಿಡಿದ ಮೇಲೆ ಮುಗಿಸ್ಬೇಕಪ್ಪ" ಎಂದೆ. ಟ್ಯೂಬನ್ನು ಉದ್ದಕ್ಕೆ ಸೀಳಿ, ಪಟ್ಟಿ ಮಾಡಿ, ಜೇಬಿನ ಬಾಯಿಗೆ ಅಡ್ಡ ಹೊಲಿದೆ. ಈಗ ಒಂದು ಬೆರಳಿನಿಂದ ಪಟ್ಟಿ ಸರಿಸಿದರೆ ಸಾಮಾನು ಕೈಗೆ ಬರುತ್ತದೆ, ಬಿಟ್ಟರೆ ತಾನೇ ಬಿಗಿಯುತ್ತದೆ. ಸೂಜಿ ಮೂರು ಮುರಿದವು.

ಬೋಟೆಂದ ಮೇಲೆ ನೀರು ಬೀಳುತ್ತದಲ್ಲ. ಬಚ್ಚಲಿನಲ್ಲಿ ತೂಗು ಹಾಕಿ ಮೇಲಿನಿಂದ ಎರಡು ಬಕೆಟ್ ಸುರಿದೆ. ನೀರು ಸೋರಿ ಹೋಗಬೇಡವೇ? ನನ್ನ ಹೊಲಿಗೆಯ ಗಟ್ಟಿತನ! ಒಂದೊಂದು ಜೇಬೂ ತುಂಬಿ ಕೂತಿತು. ಅಂಗಿಯ ಜೇಬಿನಿಂದ ಚಿಲ್ಲರೆ ಬೀಳದ ಹಾಗೆ ತಳಕ್ಕೆ ಜೋಡಿ ಹೊಲಿಗೆ ಹಾಕಿ ಹಾಕಿ ಕೈಗೆ ಅಭ್ಯಾಸ. ಬ್ಯಾಂಡೇಜು ಒದ್ದೆ, ಟಾರ್ಚು ಒದ್ದೆ. ಬಾಯಿಗೆ ಬಂದ ಹಾಗೆ ನನ್ನನ್ನೇ ಬೈದುಕೊಳ್ಳುತ್ತಿದ್ದೆ.

"ತಳ ಕತ್ತರಿಸು. ಬಲೆ ಹಾಕು."

ತಿರುಗಿದರೆ ಇವರು ಬಚ್ಚಲ ಬಾಗಿಲಲ್ಲಿ.

"ನೀವು ಸುಮ್ನೆ ಇರಿ, ಅಂಗಿ ಹೊಲಿದಿದ್ದೀಯ ಅಂದೋರು ನೀವೇ ತಾನೆ? ಈಗ ಬಂದ್ರು ಬುದ್ಧಿ ಹೇಳೋಕೆ" ಎಂದು ರೇಗಿದೆ. ಈರುಳ್ಳಿ ಚೀಲದ ಬಲೆ ಇತ್ತು. ಅದನ್ನು ಜೋಡಿ ಮಾಡಿ ತಳಕ್ಕೆ ಹಾಕಿದೆ. ಈಗ ಸುರಿದ ನೀರು ಸುರಿದಂತೆಯೇ ಇಳಿಯುತ್ತದೆ. ಬ್ಯಾಂಡೇಜಿಗೂ ಟಾರ್ಚಿಗೂ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಡಬ್ಬಿ ಸಮೇತ ಜೇಬಿಗೆ.

ಬರೆಯುತ್ತಾ ನೆನಪಾಯಿತು. ಮಂಚದಿಂದ ಬಚ್ಚಲಿನವರೆಗೆ ಇವರನ್ನು ಯಾರೂ ಹಿಡಿದುಕೊಂಡಿರಲಿಲ್ಲ. ನಾನು ಬೈಯುವುದರಲ್ಲೇ ಇದ್ದೆ.

ಮಾರ್ಚ್ ೭, ಶನಿವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಇವರೇ "ಕಟ್ಟಿ ನೋಡೋಣ" ಎಂದರು. ಆಟೋದಲ್ಲಿ ಜೆಟ್ಟಿಗೆ ಹೋದೆವು. ಮೈದುನ ತೋಳು ಹಿಡಿದು ಬೋಟಿಗೆ ಇಳಿಸಿದ. ಎಂಜಿನ್ನಿನ ಪಕ್ಕದ ತಮ್ಮ ಜಾಗದಲ್ಲಿ ಕೂತರು. ಎಡಗೈ ತಾನಾಗಿ ಎಂಜಿನ್ನಿನ ಹಿಡಿಗೆ ಹೋಯಿತು. ಆ ಹಿಡಿಯೇ ಬೋಟಿನ ಚುಕ್ಕಾಣಿ. ಬೇಕಾದ್ದೆಲ್ಲ ಇವರಿಗೆ ಸಿಗುತ್ತಿದ್ದದ್ದು ಬಲಗಡೆ, ಬಲಗೈಗೆ. ಅದಕ್ಕೇ ಪರದೆಯ ಅಳತೆಯನ್ನು ಬಲಗಡೆಯ ಒಳಮೈಗೆ ತೆಗೆದಿದ್ದೆ, ಅಲ್ಲೇ ಕಟ್ಟಿದೆ. ಸೊಗಸಾಗಿ ಕೂತಿತು.

"ಸೀಟಿ ತೆಗೀರಿ ನೋಡೋಣ" ಎಂದೆ, ಮಕ್ಕಳಿಗೆ ಹೇಳುವ ಹಾಗೆ.

ಬಲಗೈ ಏಳಲಿಲ್ಲ. ಭುಜ ಮಾತ್ರ ಸ್ವಲ್ಪ ಅಲುಗಿತು. ಇವರ ಹಣೆಯಲ್ಲಿ ಬೆವರು ಬಂತು. ಎಡಗೈಯನ್ನು ಮೈಗೆ ಅಡ್ಡಲಾಗಿ ತಿರುಚಿ ಚಾಚಿದರು, ಮುಟ್ಟಲಿಲ್ಲ. ಪಕ್ಕದ ಬೋಟಿನವರು ಬೇರೆ ಕಡೆ ನೋಡುವ ನಾಟಕ ಮಾಡಿದರು. ಆ ಮರ್ಯಾದೆಯೇ ಇವರಿಗೆ ಹೆಚ್ಚು ಚುಚ್ಚಿರಬೇಕು.

ನಾನೆಂಥ ದಡ್ಡಿ. ಗುಂಡಿಯ ವಿಷಯ ಗೊತ್ತಾದ ಮೇಲೂ, ಒಂದೇ ಕೈ ಎಂದು ದಿನಾ ಬಾಯಲ್ಲಿ ಹೇಳುತ್ತಲೇ, ಪರದೆಯನ್ನು ಹೊಲಿದದ್ದು ಹಳೆಯ ಕೈಗೆ. ಅದು ನಾಳೆಯೋ ನಾಡಿದ್ದೋ ಎದ್ದೇ ಏಳುತ್ತದೆ ಎಂದು ನನ್ನ ಸೂಜಿ ನಂಬಿಕೊಂಡಿತ್ತು.

ಮನೆಗೆ ಬಂದು ಇವರು ಮತ್ತೆ ಗೋಡೆ ಕಡೆ ತಿರುಗಿದರು. ಸಂಜೆ ಮೈದುನ ಬಂದು, ಕೊಳ್ಳುವವರೊಬ್ಬರು ಇದ್ದಾರೆ, ಒಳ್ಳೆಯ ಜನ, ಬೋಟನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದ.

"ಮಾರಲ್ಲ" ಎಂದೆ.

ಅವನು ನನ್ನ ಮುಖ ನೋಡಿದ. ನಾನೂ ಯಾರು ಹೇಳಿದ್ದು ಎಂದು ಸುತ್ತ ನೋಡಿಕೊಂಡೆ. "ತಪಾಸಣೆ ಮುಗೀಲಿ, ಆಮೇಲೆ ನೋಡೋಣ" ಎಂದು ಸರಿಪಡಿಸಿದೆ.

ಮಾರ್ಚ್ ೯, ಸೋಮವಾರ

ಎಲ್ಲಾ ಬಿಚ್ಚಿದೆ. ಹೊಲಿಯುವುದು ಒಂದು ದಿನದ ಕೆಲಸವಾದರೆ ಬಿಚ್ಚುವುದು ಎರಡು ದಿನದ್ದು.

ಹೊಸ ಲೆಕ್ಕ ಹೀಗೆ. ಬೋಟಿನ ನಡುವೆ ಇನ್ನೊಂದು ಅಡ್ಡ ಸೀಟು ಇದೆಯಲ್ಲ, ಅದರ ಬೆನ್ನಿಗೆ ಕಟ್ಟುವುದು. ಆಗ ಜೇಬುಗಳು ಇವರ ಮೊಣಕಾಲಿನ ಮುಂದೆ ಬರುತ್ತವೆ. ಎಡಗೈಗೂ ಸಿಗುತ್ತವೆ, ಪಕ್ಕದಲ್ಲಿ ಯಾರಾದರೂ ಕೂತರೆ ಅವರಿಗೂ ಸಿಗುತ್ತವೆ. ನಿನ್ನೆ ಜೆಟ್ಟಿಗೆ ಹೋಗಿ, ಎಡಪಕ್ಕದಲ್ಲಿ ನಾನೇ ಕೂತು ಕೈ ಚಾಚಿ ಅಳತೆ ಸರಿ ಮಾಡಿಕೊಂಡೆ. ಬೋಟು ತೂಗುತ್ತಿತ್ತು. ಎಷ್ಟು ಹೊತ್ತು ಕೂತಿದ್ದೆನೋ, ಬಿಸಿಲು ಬಂದು ತಲೆ ಸುಟ್ಟ ಮೇಲೆ ಎದ್ದೆ.

ಇವತ್ತು ಮಂಚದ ಕಾಲಿಗೆ ಒಂದು ತುಂಡು ಹಗ್ಗ ಸುತ್ತಿ, ಎಡಗೈ ಒಂದರಲ್ಲೇ ಗಂಟು ಹಾಕಲು ಕೂತೆ. ಇವರಿಗೆ ಕಾಣುವ ಹಾಗೆ, ಬೇಕೆಂದೇ. ತಪ್ಪು ತಪ್ಪಾಗಿ ಹಾಕಿದೆ. ಎರಡನೇ ಸಲ ಗಂಟಲು ಸರಿ ಮಾಡಿದರು.

"ಅದು ಗಂಟಾ? ಮೇಕೆ ಎಳೆದ್ರೂ ಬಿಚ್ಚಿಹೋಗತ್ತೆ."

"ಹಾಗಾದ್ರೆ ನೀವು ಹಾಕಿ ತೋರಿಸಿ."

"ನನಗೇನು ನಿನ್ನ ಹಾಗೆ ಎಡಗೈ ಬರತ್ತೇನೇ ಎಡಚಿ?"

ಮದುವೆಯಾದ ದಿನದಿಂದ ಅದೇ ಮಾತು. ಎಡಚಿ ಕತ್ತರಿ, ಎಡಚಿ ಸೌಟು, ಎಡಚಿ ಮೂತಿ. ಈಗ ಎಡಚಿಯ ಎದುರಿಗೆ ಹಗ್ಗ ಹಿಡಿದು ಕೂತರು. ತುದಿಯನ್ನು ಹೆಬ್ಬೆರಳಿನಿಂದ ಒತ್ತಬೇಕು, ನಡುಬೆರಳಿನಿಂದ ಸುತ್ತಬೇಕು ಎಂದು ಹೇಳಿಕೊಟ್ಟೆ. ಇವರಿಗೆ ಗಂಟು ಗೊತ್ತು, ಬೆರಳು ಗೊತ್ತಿಲ್ಲ. ನನಗೆ ಬೆರಳು ಗೊತ್ತು, ಗಂಟು ಗೊತ್ತಿಲ್ಲ. ಹಗ್ಗ ನನ್ನ ಬಳೆಗೆ ಸಿಕ್ಕಿಕೊಂಡು ಇಬ್ಬರೂ ಬಿಡಿಸಲಾಗದೆ ಕೂತಿದ್ದಾಗ ಇವರು ನಕ್ಕುಬಿಟ್ಟರು. ನನಗೂ ತಡೆಯಲಾಗಲಿಲ್ಲ. ನಕ್ಕು ನಕ್ಕು ಇವರ ಕಣ್ಣಲ್ಲಿ ನೀರು ಬಂತು, ಆಮೇಲೆ ಅದು ನಗುವಿನದ್ದಾಗಿ ಉಳಿಯಲಿಲ್ಲ. ತಲೆ ನನ್ನ ಭುಜಕ್ಕಿಟ್ಟು ಸುಮಾರು ಹೊತ್ತು ಹಾಗೇ ಇದ್ದರು. ನಾನು ಬೆನ್ನು ಸವರುತ್ತಾ ಕೂತೆ. ಹಾಗೆ ಅಳಲಿ ಎಂದೇ ನಾನು ಇಷ್ಟು ದಿನ ಕಾದಿದ್ದೆ ಎಂದು ಆಗ ಗೊತ್ತಾಯಿತು.

ಮಾರ್ಚ್ ೧೫, ಭಾನುವಾರ

ಮೈದುನನಿಗೆ ರಜೆ. ಮೂವರೂ ಹೊಳೆಯ ಮೇಲೆ ಹೋದೆವು. ಮೈದುನ ಮುಂದೆ, ನಾವಿಬ್ಬರು ಹಿಂದೆ. ವಾಂತಿಗೆಂದು ಒಂದು ಚೀಲ ಇಟ್ಟುಕೊಂಡಿದ್ದೆ, ಆಮೇಲೆ ಇವರು ಪ್ಲಗ್ಗು ಬಿಚ್ಚಿದಾಗ ಅದರಲ್ಲಿ ಎಣ್ಣೆಬಟ್ಟೆ ತುಂಬಿದೆವು. ನಡುಹೊಳೆಯಲ್ಲಿ ಎಂಜಿನ್ ನಿಂತಿತು ನೋಡಿ. ಇವರು ಬೇಕೆಂದೇ ನಿಲ್ಲಿಸಿದ್ದು ಎಂದು ಮೈದುನ ಆಮೇಲೆ ಹೇಳಿದ.

"ಪ್ಲಗ್ಗು" ಎಂದರು. ಕೊಟ್ಟೆ. "ಸ್ಪಾನರು." ಕೊಟ್ಟೆ. ಹಾಕಿ ಮುಗಿಸಿ, "ಹಗ್ಗ ಎಳಿ" ಎಂದರು. ಎಂಜಿನ್ ಶುರು ಮಾಡುವ ಹಗ್ಗಕ್ಕೆ ಎರಡು ಕೈಯ ಬಲ ಬೇಕು, ಮೈಯನ್ನೂ ಹಿಂದಕ್ಕೆ ಎಸೆಯಬೇಕು. ನಾಲ್ಕನೇ ಎಳೆತಕ್ಕೆ ಹೊತ್ತಿತು. ಕೈ ತೊಳೆಯುವವರೆಗೆ ಹಿಡಿ ಹಿಡಿದುಕೋ ಎಂದರು. ಎಡಕ್ಕೆ ತಳ್ಳಿದರೆ ಬೋಟು ಬಲಕ್ಕೆ ಹೋಗುತ್ತದೆ! ಇದನ್ನು ಯಾವ ಬುದ್ಧಿವಂತ ಮಾಡಿದನೋ. "ನಿನಗೆ ಸರಿಯಾಗಿದೆ ಬಿಡು, ನೀನು ಯಾವತ್ತು ಹೇಳಿದ ಕಡೆ ಹೋದೋಳು?" ಎಂದರು. ಇವರ ಕೈ ತೊಳೆಯುವುದು ಆ ದಡ ಬರುವವರೆಗೂ ಮುಗಿಯಲಿಲ್ಲ.

ವಾಪಸು ಬರುವಾಗ ಒಬ್ಬ ಮೂರ್ಖ ತನ್ನ ಬೋಟನ್ನು ಒತ್ತಿಗೇ ಓಡಿಸಿಕೊಂಡು ಹೋದ. ಅಲೆ ಎದ್ದು ನಮ್ಮ ಬೋಟು ಓಲಾಡಿತು. ಜನ ತುಂಬಿಕೊಂಡು ಯಾರಾದರೂ ಹಾಗೆ ಓಡಿಸುತ್ತಾರೆಯೇ? ಎದ್ದು ನಿಂತು ಚೆನ್ನಾಗಿ ಝಾಡಿಸಿದೆ. ಮೈದುನ ಸೀಟಿನ ಕೆಳಗೆ ಅಡಗಿಕೊಳ್ಳುವುದೊಂದು ಬಾಕಿ.

ಸಮವಸ್ತ್ರ ಇನ್ನೂ ಆಗಿಲ್ಲ. ಶಾಲೆಯವರು ಎರಡು ಸಲ ಹೇಳಿ ಕಳಿಸಿದರು.

ಮಾರ್ಚ್ ೨೪, ಮಂಗಳವಾರ

ತಪಾಸಣೆ ಆಯಿತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಸಾಹೇಬರು ವಯಸ್ಸಾದವರು, ಸಣ್ಣ ದನಿ. ಬೋಟು ಕಂಬಕ್ಕೆ ಕಟ್ಟಿದ್ದಾಗಲೇ ಒಂದೊಂದೇ ಕೇಳಿದರು. "ಸೀಟಿ." ಇವರ ಎಡಗೈ ಹೋಯಿತು, ಪಟ್ಟಿ ಸರಿಯಿತು, ಸೀಟಿ ಬಂತು. "ಟಾರ್ಚು." ಬಂತು. "ಗಾಯಕ್ಕೆ?" ಬಂತು. ನೋಡದೆಯೇ ತೆಗೆದುಕೊಟ್ಟರು. ಸಾಹೇಬರು ಬಗ್ಗಿ ಜೇಬಿನ ತಳದ ಬಲೆಯೊಳಗೆ ಬೆರಳು ತೂರಿಸಿ, "ಇದು ಯಾರು ಮಾಡಿದ್ದು? ಅಂಗಡಿಯದ್ದಲ್ಲ ಇದು" ಎಂದರು. ಇವರು "ನಮ್ಮನೇಲಿ" ಎಂದರು. ನನಗೆ ಅಷ್ಟೇ ಸಾಕಾಗಿತ್ತು, ಅಲ್ಲಿಗೇ ಮುಗಿದಿದ್ದರೆ.

ಆಮೇಲೆ ನೀರಿನ ಮೇಲೆ. ಎಂಜಿನ್ನಿನ ಹಗ್ಗ ನಾನು ಎಳೆದೆ. ಇವರು ಹಿಡಿ ಹಿಡಿದರು. ಎಷ್ಟು ಚೆನ್ನಾಗಿ ಓಡಿಸಿದರು! ತೊಟ್ಟಿಲಲ್ಲಿ ಮಗು ಮಲಗಿದ್ದರೂ ಏಳುತ್ತಿರಲಿಲ್ಲ. ನಡುಹೊಳೆಗೆ ಬಂದಾಗ ಸಾಹೇಬರು ಒಂದು ಖಾಲಿ ಡಬ್ಬವನ್ನು ನೀರಿಗೆಸೆದು, "ಒಬ್ಬರು ಬಿದ್ದರು ಅಂದ್ಕೊಳ್ಳಿ ಯಜಮಾನ್ರೇ" ಎಂದರು.

ಆ ಗಳಿಗೆ ನನಗೆ ಹೊಳೆಯಿತು. ನೀರಿಗೆ ಬಿದ್ದವರಿಗೆ ಎಸೆಯುವ ತೇಲುವ ಬಳೆಯನ್ನು ನಾನು ಕೈಗೆ ಸಿಗುವ ಹಾಗೆ ಕಟ್ಟಿದ್ದೆ. ಚಾಕು, ಸೀಟಿ, ಹಗ್ಗ ಎಲ್ಲವೂ ಕೈಗೆ ಸಿಗುವ ಹಾಗಿತ್ತು. ಆದರೆ ಆ ಕೈ ಚುಕ್ಕಾಣಿಯ ಮೇಲಿದೆ. ಬೋಟು ಕಟ್ಟಿದ್ದಾಗ ಸಾಕಾದ ಒಂದು ಕೈ, ಓಡುವಾಗ ಸಾಲದು. ನಾನು ಸಾವಿರ ಜೇಬು ಹೊಲಿದರೂ ಸಾಲದು.

ಇವರಿಗೂ ಅದೇ ಹೊಳೆದಿರಬೇಕು. ಒಂದು ಕ್ಷಣ ಕಲ್ಲಾದರು. ಆಮೇಲೆ ಹಿಡಿ ಬಿಟ್ಟು ಬಳೆಗೆ ಕೈ ಹಾಕಿದರು. ಬೋಟು ಗಕ್ಕನೆ ಪಕ್ಕಕ್ಕೆ ಹೊರಳಿತು, ಸಾಹೇಬರು ಸೀಟಿನ ಅಂಚು ಹಿಡಿದುಕೊಂಡರು. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಹಿಡಿ ನನ್ನ ಕೈಯಲ್ಲಿತ್ತು. "ನಿಧಾನ! ಡಬ್ಬದ ಕಡೆಗೆ!" ಎಂದು ಇವರು ಕೂಗಿದರು, ಹಳೆಯ ದನಿಯಲ್ಲಿ. ನಾನು ಎಡಕ್ಕೆ ತಳ್ಳಿದೆ, ಬೋಟು ಬಲಕ್ಕೆ ಬಂತು. ಬಳೆ ಹೋಗಿ ಡಬ್ಬದ ಪಕ್ಕದಲ್ಲೇ ಬಿತ್ತು.

ಜೆಟ್ಟಿಗೆ ಬಂದು ಬೋಟು ಕಟ್ಟಿದ ಮೇಲೆ ಸಾಹೇಬರು ಹೇಳಿದರು.

"ಬೋಟಿಗೆ ಏನೂ ಕೊರತೆ ಇಲ್ಲ. ಆದ್ರೆ ನೋಡಿ, ಜನರನ್ನ ತುಂಬಿಕೊಂಡು ನೀವೊಬ್ಬರೇ ಹೋಗೋದಕ್ಕೆ ನಾನು ಒಪ್ಪೋಕಾಗಲ್ಲ. ಒಬ್ಬರು ಕಾಯಮ್ಮಾಗಿ ಜೊತೆಗಿರ್ಬೇಕು. ಯಾರಿರ್ತಾರೆ?"

ಜೆಟ್ಟಿಯ ಮೇಲೆ ನಿಂತಿದ್ದ ಮೈದುನ ಬಾಯಿ ತೆರೆದ. ಅಷ್ಟರಲ್ಲಿ ಇವರು, "ಇವಳೇ ಇರ್ತಾಳೆ ಸಾರ್. ಆದ್ರೆ ಇವಳಿಗೆ ಈಜು ಬರಲ್ಲ" ಎಂದರು.

ಯಾರಾದರೂ ಕೇಳಿದ್ದರೇ? ಮೈಯೆಲ್ಲ ಉರಿದುಹೋಯಿತು. ಸಾಹೇಬರು ನಕ್ಕು, ಏಪ್ರಿಲ್ ಹದಿನೈದರವರೆಗೆ ಜಾಗ ಹಾಗೇ ಇರುತ್ತದೆ, ಅಷ್ಟರೊಳಗೆ ಈ ಕಂಬದಿಂದ ಆ ಕಂಬಕ್ಕೆ ಈಜಿ ತೋರಿಸಿ ಎಂದು ಹೋದರು.

ಆಟೋದಲ್ಲಿ ಜಗಳವಾಡಿದೆ. "ಸುಳ್ಳು ಹೇಳೋಕೆ ಏನಾಗಿತ್ತು ನಿಮಗೆ?"

"ನೀನು ಬಿದ್ರೆ ತೆಗೆಯೋಕೆ ನನಗೆ ಒಂದೇ ಕೈ ಇರೋದು" ಎಂದರು.

ಮನೆಗೆ ಬಂದು ಅಟ್ಟದಿಂದ ದಪ್ಪ ಬಟ್ಟೆ ಇಳಿಸಿದೆ.

ಮಾರ್ಚ್ ೨೯, ಭಾನುವಾರ

ಈಜಿಗೆಂದು ದಪ್ಪ ಬಟ್ಟೆಯಲ್ಲಿ ಒಂದು ಪೈಜಾಮ ಹೊಲಿದುಕೊಂಡೆ. ಜೆಟ್ಟಿಯ ಪಕ್ಕದಲ್ಲಿ ಎದೆಮಟ್ಟ ನೀರಿದೆ. ಇಳಿದೆ, ಮೂಗು ಬಾಯಿಯಲ್ಲೆಲ್ಲ ನೀರು ಕುಡಿದೆ, ಎದ್ದು ಬಂದೆ. ಇವರು ಬೋಟಿನಲ್ಲಿ ಕೂತು "ಕಾಲು ಆಡಿಸು, ತಲೆ ಹಿಂದಕ್ಕೆ" ಎಂದು ಅಪ್ಪಣೆ ಕೊಡುತ್ತಾರೆ. ಕೂತು ಹೇಳುವುದು ಯಾರಿಗೂ ಬರುತ್ತದೆ.

ಮಾರ್ಚ್ ೩೧, ಮಂಗಳವಾರ

ಇವತ್ತೂ ಮುಳುಗಿದೆ.

ಏಪ್ರಿಲ್ ೫, ಭಾನುವಾರ

ಇವತ್ತು ಸಿಟ್ಟು ಬಂದು ಹೇಳಿಬಿಟ್ಟೆ. "ಬೋಟಲ್ಲಿ ಕೂತು ಬಾಯಿ ಮಾಡ್ಬೇಡಿ. ನಿಮಗೆ ಅಷ್ಟು ಗೊತ್ತಿದ್ರೆ ಇಳಿದು ಬಂದು ಹೇಳ್ಕೊಡಿ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಲಕ್ವ ಹೊಡೆದ ಮೇಲೆ ಇವರು ನೀರಿಗೆ ಇಳಿದವರಲ್ಲ. ಆದರೆ ಇವರು ಅಂಗಿ ಬಿಚ್ಚತೊಡಗಿದರು. ಮೈದುನ ಓಡಿ ಬಂದು ಸೊಂಟ ಹಿಡಿದು ಇಳಿಸಿ, ಮೆಟ್ಟಿಲ ಮೇಲೆ ಕಣ್ಣಲ್ಲಿ ಕಣ್ಣಿಟ್ಟು ಕೂತ. ಬೋಟಿಗೆ ಒರಗಿ ನಿಂತರು ಇವರು. ನೀರು ಎದೆಯವರೆಗೆ ಬಂದಾಗ ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟರು. ತವರಿಗೆ ಹೋದ ಹೆಣ್ಣು ಬಾಗಿಲಲ್ಲಿ ಬಿಡುತ್ತಾಳಲ್ಲ, ಅಂಥದ್ದು.

"ಬಾ. ಅಂಗಾತ ಮಲಗು."

"ಬಿಡ್ತೀರ ನೀವು."

"ಬಿಡಲ್ಲ ಮಲಗೇ."

ಮಲಗಿದೆ. ಬೆನ್ನಿನ ಕೆಳಗೆ ಅಂಗೈ ಬಂತು. ಕಿವಿಯೊಳಗೆ ನೀರು ತುಂಬಿ ಹೊರಗಿನದೆಲ್ಲ ದೂರವಾಯಿತು. ಕಾಣುವುದು ಆಕಾಶ ಒಂದೇ. ಸೆಟೆದ ಮೈಯನ್ನು ಸಡಿಲ ಬಿಡು ಎಂದು ಇವರು ದಿನಾ ಹೇಳುತ್ತಿದ್ದರಲ್ಲ, ಇವತ್ತು ತಾನಾಗಿ ಸಡಿಲವಾಯಿತು. ಕಾಲು ಮೇಲೆ ಬಂತು. ಸೊಂಟ ಮೇಲೆ ಬಂತು. ಮುಳುಗಲಿಲ್ಲ. ಎಷ್ಟು ಸುಲಭ ಇದು! ಇದಕ್ಕೆ ಇಷ್ಟು ವರ್ಷ ಹೆದರಿದ್ದೆನೇ?

"ಬಿಟ್ಟಿದ್ದೀರ?" ಎಂದೆ.

"ಇಲ್ಲ."

ಅಂಗೈ ಇದ್ದದ್ದು ನನಗೂ ಗೊತ್ತಾಗುತ್ತಿತ್ತು. ಮೆತ್ತಗೆ, ಭಾರವಿಲ್ಲದೆ, ಬೆರಳೆಲ್ಲ ಬಿಡಿಸಿಕೊಂಡು. ಇವರ ದನಿ ಯಾಕೋ ನಡುಗಿತು ಎಂದು ಮೆಲ್ಲಗೆ ಕತ್ತು ಹೊರಳಿಸಿ ನೋಡಿದೆ.

ಕಾಲು ಜಾರೀತೆಂದು ಇವರು ಬೋಟಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಎಡಗೈಯಲ್ಲಿ.

ನೆಲದ ಮೇಲೆ ಒಂದು ಚೆಂಡು ಹಿಸುಕದ ಕೈ, ನೀರು ಎತ್ತಿ ಹಿಡಿದ ಮೇಲೆ, ನನ್ನನ್ನು ಎತ್ತಿ ಹಿಡಿದಿತ್ತು. ಇವರು ನನ್ನ ಮುಖ ನೋಡುತ್ತಿರಲಿಲ್ಲ. ನೀರೊಳಗೆ ಆ ಕೈಯನ್ನೇ ನೋಡುತ್ತಿದ್ದರು. ನಾನು ಮತ್ತೆ ಆಕಾಶದ ಕಡೆ ತಿರುಗಿಕೊಂಡೆ.

ಸುಮಾರು ಹೊತ್ತಾದ ಮೇಲೆ, "ಬಂತಲ್ಲೇ ನಿನಗೆ, ಸಾಕಾ?" ಎಂದರು.

ಬಂದಿತ್ತು. ಕೈ ತೆಗೆದಿದ್ದರೂ ತೇಲುತ್ತಿದ್ದೆ.

"ಎಲ್ಲಿ ಬಂತು? ಇನ್ನೂ ಭಯ ಆಗತ್ತೆ" ಎಂದೆ. "ಇನ್ನೊಂದು ಸ್ವಲ್ಪ ಹೊತ್ತು ಹಿಡ್ಕೊಳ್ಳಿ."